ನಾನು ಹೀರಿದ ಕೊಳವೆ

ಬಿ.ಎಸ್ಸಿ. ಮುಗಿಸಿ ಮೈಸೂರಿನ ಒಂದು ಪ್ರಯೋಗಾಲಯಕ್ಕೆ ಸೇರಿದ ಹೊಸತು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಕರುಳಿನ ಬ್ಯಾಕ್ಟೀರಿಯಾಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತವೆ ಎಂದೇ ನಾನು ನಂಬಿದ್ದೆ.

ಗ್ರಾಂ ಎಂಬ ವಿಧಾನದಲ್ಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವೆಲ್ಲ ಒಂದೇ ತರಹದ ಗುಲಾಬಿ ಕಡ್ಡಿಗಳು. ಯಾವುದು ಸಾಧು, ಯಾವುದು ಟೈಫಾಯಿಡ್ ಎಂದು ತಿಳಿಯಲು ಊಟಕ್ಕೆ ಕೂರಿಸಿಯೇ ನೋಡಬೇಕು. ಒಂದೊಂದು ಕೊಳವೆಯಲ್ಲಿ ಒಂದೊಂದು ಸಕ್ಕರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಿಂದು ಕೊಳವೆಯನ್ನು ಕೆಂಪು ಮಾಡಿದರೆ ಬಹುಮಟ್ಟಿಗೆ ಸಾಧು. ಮುಟ್ಟದಿದ್ದರೆ ಟೈಫಾಯಿಡಿನ ಗುಮಾನಿ.

ಇದನ್ನೆಲ್ಲ ಒಂಟಿಕೊಪ್ಪಲಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೊಸ ಹೆಂಡತಿ ಕಮಲೆಗೆ ವಿವರಿಸಿದ್ದೆ. ಕ್ರಿಮಿಗಳನ್ನು ಸಾಕುವುದು ಮಾಂಸ ಬೇಯಿಸಿ ಸೋಸಿದ ರಸದಲ್ಲಿ ಎಂದಾಗ ಅವಳು, "ಮೆತ್ತಗೆ ಹೇಳ್ರೀ, ಅತ್ತೆ ಮಡೀಲಿದ್ದಾರೆ" ಎಂದಿದ್ದಳು.

ಆಗೆಲ್ಲ ದ್ರವ ಅಳೆದು ಹಾಕುವ ಗಾಜಿನ ಕಡ್ಡಿ ಪಿಪೆಟ್ಟನ್ನು ಬಾಯಿಂದಲೇ ಹೀರುತ್ತಿದ್ದೆವು. ಅದರ ತುದಿಗೆ ತುರುಕಿದ ಹತ್ತಿಯೇ ನಮ್ಮ ಆಯುಷ್ಯದ ಕಾವಲುಗಾರ. ಮೊದಲ ಬಾರಿಗೆ ಒಬ್ಬನೇ ಪರೀಕ್ಷೆ ಮಾಡಲು ಕೂತ ದಿನ ನಾನು ಹತ್ತಿ ತುರುಕಲಿಲ್ಲ. ಅದು ಅಳ್ಳೆದೆಯವರಿಗೆ!

ರೋಗಿಯೊಬ್ಬನ ಮಲದಿಂದ ಬೆಳೆಸಿದ ಕ್ರಿಮಿಯ ಕೊಳವೆ ಎತ್ತಿ, ಪಿಪೆಟ್ಟು ಅದ್ದಿ ಹೀರತೊಡಗಿದೆ. ಹಿಂದಿನಿಂದ ಸಹೋದ್ಯೋಗಿ ಬಸವರಾಜು, "ಕಾಫಿ ಬಂತು ಕಣಯ್ಯಾ" ಎಂದ. ಆ ಪರಿಮಳಕ್ಕೆ ಉಸಿರನ್ನು ಜೋರಾಗಿ ಎಳೆದುಕೊಂಡೆ. ಬಾಯಿ ತುಂಬ ಉಪ್ಪುಪ್ಪು. ಗಾಬರಿಯಲ್ಲಿ ನುಂಗಿಯೂ ಬಿಟ್ಟೆ.

"ಉಗಿಯೋದು ಬುಟ್ಟು ನುಂಗ್ಬುಟ್ಟೆಯಲ್ಲೋ" ಎಂದು ಬಸವರಾಜು ಕೂತುಬಿಟ್ಟ. ಅವನ ಕಾಫಿ ಆರಿತು.

ಉಳಿದದ್ದನ್ನು ಸಕ್ಕರೆಯ ಕೊಳವೆಗಳಿಗೆ ಹಾಕಿಟ್ಟು ಮನೆಗೆ ಬಂದೆ. ಅಂಗಳದಲ್ಲೇ ನಿಂತು, ನನ್ನ ತಟ್ಟೆ ಲೋಟ ಬೇರೆ ಇಡಬೇಕೆಂದೂ ನನ್ನ ಹೊಸ ಕೋಟನ್ನು ತಮ್ಮನಿಗೆ ಕೊಡಬೇಕೆಂದೂ ಗಂಭೀರವಾಗಿ ಘೋಷಿಸಿದೆ. ಅಮ್ಮ ಅಳುತ್ತಾ ನಂಜುಂಡೇಶ್ವರನಿಗೆ ಮುಡಿಪು ಕಟ್ಟಿದರು. ಕಮಲೆಯ ಕಣ್ಣೂ ಒದ್ದೆಯಾಗಿತ್ತು. ಆದರೂ, "ನಾಳೆ ಹೋಗೋರು ಇವತ್ತು ಮೂರನೇ ಸಲ ಅನ್ನ ಹಾಕಿಸ್ಕೋತಾರಾ?" ಎಂದಳು.

ಬೆಳಿಗ್ಗೆ ಸೈಕಲ್ ತುಳಿದು ಓಡಿದೆ. ಲ್ಯಾಕ್ಟೋಸ್ ಕೊಳವೆಗೆ ಬಣ್ಣವೇ ಇಲ್ಲ. ನನ್ನ ಮುಖಕ್ಕೂ ಇರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಡಾಕ್ಟರು ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಗ್ಲೂಕೋಸೂ ಹಾಗೇ ಇದೆಯಲ್ಲ. ಟೈಫಾಯಿಡ್ ಆದರೂ ಗ್ಲೂಕೋಸ್ ಬಿಡಲ್ಲ ಕಣ್ರೀ. ನಿಮ್ಮ ಕ್ರಿಮಿ ಏಕಾದಶಿ ಮಾಡ್ತಾ ಇದೆಯಾ?"

ಆಮೇಲೆ ಸ್ಟ್ಯಾಂಡಿನಿಂದ ಎರಡು ಕೊಳವೆ ಎತ್ತಿದರು. ಒಂದು ಗಂಜಿಯಂತೆ ಮಬ್ಬು, ತುಂಬಿದ್ದು ತುಂಬಿದಂತೇ ಇತ್ತು. ಇನ್ನೊಂದು ಕನ್ನಡಿಯಂತೆ ತಿಳಿ, ತಳದಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು.

"ಕ್ರಿಮಿ ಇರೋದು ಮಬ್ಬಿನದರಲ್ಲಿ. ನೀವು ಕುಡಿದದ್ದು ಪಕ್ಕದ್ದನ್ನ, ಕ್ರಿಮಿಯನ್ನೇ ಹಾಕದ ಬರೀ ರಸ. ಚೆನ್ನಾಗಿ ಕುದಿಸಿದ್ದು. ಪುಷ್ಟಿಕರ."

ಬಸವರಾಜು ನಗುತ್ತಾ ನನ್ನ ಕಾಫಿಯನ್ನೂ ಕುಡಿದ.

ಮನೆಯ ಬಾಗಿಲಲ್ಲೇ ಅಮ್ಮ ಕಾದಿದ್ದರು. "ಏನಾಯ್ತೋ?"

"ಕ್ರಿಮಿ ಇರಲಿಲ್ಲಮ್ಮ. ಬರೀ ಉಪ್ಪುನೀರು."

ಅಮ್ಮ ದೇವರಿಗೆ ದೀಪ ಹಚ್ಚಲು ಒಳಗೆ ಓಡಿದರು. ಕಮಲೆ ಹತ್ತಿರ ಬಂದು ಮೆತ್ತಗೆ ಕೇಳಿದಳು: "ಆ ಉಪ್ಪುನೀರು ಯಾವುದನ್ನ ಬೇಯಿಸಿ ಮಾಡ್ತಾರೆ, ಅತ್ತೆಗೆ ಹೇಳಲಾ? ಇಲ್ಲ, ನಾಳೆಯಿಂದ ಬಾವಿ ನೀರು ನೀವೇ ಸೇದ್ತೀರಾ?"

ಆ ಬಾವಿಯೂ ಇಂದಿಲ್ಲ, ಅಮ್ಮನೂ ಇಲ್ಲ. ಕಾಫಿಯನ್ನು ಹೀರುವ ಮೊದಲು ಮಾತ್ರ ಈಗಲೂ ಲೋಟದೊಳಗೆ ಒಮ್ಮೆ ಇಣುಕಿ ನೋಡುತ್ತೇನೆ. ಬಾವಿಗೆ ಬದಲಾಗಿ ನಲ್ಲಿ ಬಂದ ದಿನ ಇಡೀ ಬೀದಿಯಲ್ಲಿ ನನ್ನಷ್ಟು ಸಂತೋಷಪಟ್ಟ ಪದವೀಧರ ಇನ್ನೊಬ್ಬನಿರಲಿಲ್ಲ.