ಜರ್ಮನಿಯ ಬಂಡೆಗೆ ಆಂಟಾಪ್ ಹಿಲ್‌ನ ಸೀನು

ಮನೆಯಲ್ಲಿ ಬಂಡೆ ಹತ್ತುವ ಮೊಮ್ಮಗಳು ಒಬ್ಬಳಿದ್ದರೆ ಸಾಕು, ನಗುವುದಕ್ಕೆ ಬೇರೆ ಏನೂ ಬೇಡ. ನಮ್ಮದು ಆಂಟಾಪ್ ಹಿಲ್‌ನಲ್ಲಿ ಮೂರನೇ ಮಾಳಿಗೆ. ಲಿಫ್ಟ್ ಕೆಟ್ಟರೆ ಮೆಟ್ಟಿಲು ಹತ್ತಲು ಮುಖ ಸಿಂಡರಿಸುವ ಈ ಹುಡುಗಿ ಆದಿತ್ಯವಾರ ಲೋಕಲ್ ಟ್ರೇನು ಹಿಡಿದು ಬಂಡೆ ಹತ್ತುವ ಕ್ಲಾಸಿಗೆ ಹೋಗಿ, ದುಡ್ಡು ಕೊಟ್ಟು ಗೋಡೆ ಹತ್ತಿ ಬರುತ್ತಾಳೆ.

ಬೂಟು

ಒಂದು ದಿನ ಅವಳು ಆ ಗೋಡೆ ಹತ್ತುವ ಬೂಟು ಹಾಕುವುದನ್ನು ನೋಡಿದೆ. ಕಾಲ್ಬೆರಳೆಲ್ಲ ಮುದುಡಿ ಶುಂಠಿಯ ಹಾಗಾಗಿತ್ತು. ಪಾಪ, ಚಿಕ್ಕದಾಗಿದೆ, ಕೇಳಲು ಸಂಕೋಚವೇನೋ ಎಂದು ಅದನ್ನು ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸಿನ ಮಗಳಿಗೆ ಕೊಟ್ಟು, ಸಯನ್ ಪೇಟೆಯಿಂದ ದೊಡ್ಡ ಬೂಟು ತಂದಿಟ್ಟೆ.

"ಅಜ್ಜೀ! ಅದು ಟೈಟೇ ಇರ್ಬೇಕು! ಹೊಸದು ಅದು!"

"ಮೊದಲೇ ಹೇಳುವುದಲ್ಲವಾ ಮಾರಾಯ್ತಿ?"

ಓಡಿಹೋಗಿ ಕೇಳಿದರೆ ಕಾಕು ಆಗಲೇ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಒಳಗೆ ಪೇಪರ್ ತುರುಕಿ ಹಿಗ್ಗಿಸಿದ್ದರು. "ತಗೊಳ್ಳಿ, ಇನ್ನು ಯಾರ ಕಾಲಿಗೂ ನೋವಾಗುವುದಿಲ್ಲ" ಎಂದು ಹೆಮ್ಮೆಯಿಂದ ಕೊಟ್ಟರು.

ಎಣ್ಣೆ

ಅವಳ ಅಂಗೈ ಮುಟ್ಟಿದರೆ ತೆಂಗಿನಕಾಯಿ ಸಿಪ್ಪೆ. ಹೆಣ್ಣುಮಗಳ ಕೈಯಾ ಇದು! ಅವಳು ಮಧ್ಯಾಹ್ನ ಮಲಗಿದ್ದಾಗ ತೆಂಗಿನೆಣ್ಣೆ ಬಿಸಿಮಾಡಿ ಎರಡೂ ಕೈಗೆ ಚೆನ್ನಾಗಿ ತಿಕ್ಕಿದೆ. ಸಂಜೆ ಎದ್ದವಳೇ ಗೋಡೆಗೆ ಓಡಿದಳು. ಹತ್ತುವ ಮೊದಲೇ ಇಳಿದಳಂತೆ. ಕಲಿಸುವ ಮಾಸ್ಟರು ಅವಳ ಕೈ ಮೂಸಿ, "ಮನೆಯಲ್ಲಿ ಅಜ್ಜಿ ಇದ್ದಾರಾ?" ಎಂದು ಕೇಳಿದರಂತೆ.

ಸೀನು

ಈ ವರ್ಷ ಗೆಳತಿಯರ ಜೊತೆ ಜರ್ಮನಿಗೆ ಹೋದಳು, ಬಂಡೆ ಹತ್ತಲಿಕ್ಕೆಂದೇ. ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ರಸ್ತೆಯ ಪಕ್ಕದಲ್ಲೇ, ನಮ್ಮ ಬಿಲ್ಡಿಂಗ್‌ಗಿಂತ ಎತ್ತರದ ಬಂಡೆ. ಕೆಳಗೆ ಕಾರುಗಳು ಹೋಗುತ್ತಿದ್ದವು.

"ಮೇಲೆ ಏನುಂಟು? ದೇವಸ್ಥಾನವಾ?"

"ಇಲ್ಲ ಅಜ್ಜಿ, ಎರಡು ಕಬ್ಬಿಣದ ಬಳೆ. ಅದಕ್ಕೆ ಹಗ್ಗ ಹಾಕಿ ಇಳಿಯೋದು."

"ಬಳೆ ಮಾಟುಂಗಾದಲ್ಲಿ ಸಿಗುವುದಿಲ್ಲವಾ?"

ಪ್ರತಿದಿನವೂ ಬಳೆ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಜಾರಿ ಹಗ್ಗದಲ್ಲಿ ನೇತಾಡುತ್ತಿದ್ದಳು. ಕೊನೆಯ ದಿನ ಬಂತು. ಮೋಡವೂ ಬಂತು. ಮಳೆ ಬಿದ್ದರೆ ಮುಗಿಯಿತು, ಬಂಡೆ ಜಾರುತ್ತದೆ. ಒಬ್ಬ ಗೆಳತಿ ಹಗ್ಗ ಹಿಡಿದಳು, ಇನ್ನೊಬ್ಬಳು ನನಗೆ ತೋರಿಸಲು ಫೋನು. ಇವಳು ಬಂಡೆಗೆ ಕೈಯಿಟ್ಟಳು. ಅಷ್ಟರಲ್ಲಿ ಇಲ್ಲಿ ಒಲೆಯ ಮೇಲೆ ನನ್ನ ಒಗ್ಗರಣೆಯ ಮೆಣಸು ಕರಟಿತು.

"ಆಕ್ಷೀ!"

ನಮ್ಮಲ್ಲಿ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಹೆಜ್ಜೆ ಇಡುವುದಿಲ್ಲ. ಇನ್ನೊಂದು ಬಂದು ಜೋಡಿಯಾದರೆ ಸರಿ. ಇವಳು ಬಂಡೆಯಿಂದ ಕೈ ತೆಗೆದಳು.

"ಅಜ್ಜಿ, ಇನ್ನೊಂದು?"

"ಬರುವುದಿಲ್ಲ ಮಗಾ. ನೀನು ಹೋಗು. ಕಾಲೇಜು ಕಲಿತವಳು ಇದನ್ನೆಲ್ಲ ನಂಬುತ್ತೀಯಾ?"

"ನಂಬಲ್ಲ. ಆದ್ರೂ ನೀನು ಸೀನು! ಜಲ್ದಿ, ಮಳೆ ಬರ್ತಿದೆ!"

ಫೋನು ನೋಡಲು ಬಂದಿದ್ದ ಕಾಕು ಕಾಳುಮೆಣಸಿನ ಪುಡಿ ತಂದು ನನ್ನ ಮೂಗಿಗೆ ಊದಿದರು. ಸೀನು ಬಂತು, ಕಾಕುವಿಗೆ. ಒಂದರ ಮೇಲೊಂದು.

"ಅದು ಲೆಕ್ಕಕ್ಕಿಲ್ಲ!" ಜರ್ಮನಿಯಿಂದ ಕೂಗು.

ಆಗ ನಮ್ಮವರು ಎದ್ದರು. ನಶ್ಯ ಬಿಟ್ಟು ವರ್ಷಗಳಾಯಿತು ಎಂದು ಊರಿಗೆಲ್ಲ ಹೇಳುವವರು, ದೇವರ ಫೋಟೋದ ಹಿಂದೆ ಕೈಹಾಕಿ ನಶ್ಯದ ಡಬ್ಬಿ ತೆಗೆದರು! ನಿಮ್ಮನ್ನು ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಚಿಟಿಕೆ ಏರಿಸಿದೆ.

"ಆಕ್ಷೀ!"

ಹತ್ತಿದಳು. ದಿನಾ ಬೀಳುವ ಜಾಗ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. "ಬಳೆಗೆ ಹಗ್ಗ ಹಾಕಿದಳು, ಹಾಕಿದಳು!" ಎಂದು ಕಾಕು ನನ್ನ ಭುಜ ಅಲ್ಲಾಡಿಸಿದರು. ಅವಳು ಇಳಿಯುವಾಗ ಮಳೆ ಹನಿಯಿತು. ನನ್ನ ಕಣ್ಣೂ ಹನಿಯಿತು, ನಶ್ಯ ಖಾರವಿತ್ತು.

ಇಷ್ಟನ್ನೂ ನೋಡುತ್ತಿದ್ದ ಒಬ್ಬ ಗಡ್ಡದ ಜರ್ಮನಿಯವನು ಫೋನಿನ ಹತ್ತಿರ ಬಂದು ಕೈಮುಗಿದ.

"ಏನಂತೆ ಅವನಿಗೆ?"

"ಅವನೂ ಈ ಬಂಡೆಯಿಂದ ತುಂಬಾ ಸಲ ಬಿದ್ದಿದ್ದಾನಂತೆ ಅಜ್ಜಿ. ನಾಳೆ ಅವನು ಹತ್ತಲು ಹೊರಡುವಾಗ ಫೋನಿನಲ್ಲಿ ಎರಡು ಸೀನು ಸೀನ್ತೀಯಾ ಅಂತ ಕೇಳ್ತಿದ್ದಾನೆ."

ಡಬ್ಬಿ ಕಿತ್ತುಕೊಳ್ಳಲು ನಾನು ಕೈಚಾಚಿದ್ದೆ. ನಮ್ಮವರು ಅದನ್ನು ಜೇಬಿಗಿಳಿಸಿ, "ಹೂಂ ಅನ್ನು ಮಗಾ, ಪಾಪ, ಪರದೇಶದವನು. ಅವನಿಗೋಸ್ಕರ ಇಟ್ಟುಕೊಂಡಿರುತ್ತೇನೆ" ಅಂದರು.