ಗಾಜಿನ ಬೀರುವಿನಲ್ಲಿ ವಾಸವಾಗಿರುವ ಸೂಕ್ಷ್ಮದರ್ಶಕ ಮಹಾಶಯರಿಗೆ

ಮಾನ್ಯರೇ,

ಹದಿನಾಲ್ಕು ವರ್ಷಗಳಿಂದ ದಿನವೂ ತಮ್ಮ ಬೀರುವಿನ ಗಾಜು ಒರೆಸುತ್ತ ಬಂದಿರುವ ಶಾಲೆಯ ಪ್ರಯೋಗಾಲಯದ ಅಟೆಂಡರನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಮುಟ್ಟುವವರಿದ್ದರೆ ತಾನೇ ತಮಗೆ ಏನಾದರೂ ಆಗುವುದು.

ತಮ್ಮೊಳಗೆ ಇದುವರೆಗೆ ಯಾರೂ ಕಣ್ಣಿಟ್ಟು ನೋಡದಿದ್ದರೂ, ಈರುಳ್ಳಿ ಸಿಪ್ಪೆಯ ಕೋಶಗಳನ್ನು ತಮ್ಮ ಕೃಪೆಯಿಂದ ಕಂಡೆವೆಂದು ಮಕ್ಕಳು ವರ್ಷವರ್ಷವೂ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾರೆ. ಚಿತ್ರವನ್ನು ಹಿಂದಿನ ವರ್ಷದವರ ಪುಸ್ತಕದಿಂದ ಇಳಿಸಿಕೊಳ್ಳುವುದು ಇಲ್ಲಿಯ ಪದ್ಧತಿ. ಎಂಟು ವರ್ಷದ ಹಿಂದೆ ಒಬ್ಬ ಪುಣ್ಯಾತ್ಮನ ಪೆನ್ನು ಸೋರಿ ಕೋಶದ ಮೂಲೆಗೆ ಬಿದ್ದ ಶಾಯಿಯ ಚುಕ್ಕೆಯೂ (ಅಂದು ಬೆಂಚು ಒರೆಸಿದವನು ನಾನೇ) ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಈಗ ಈರುಳ್ಳಿಯ ಖಾಯಂ ಅಂಗವಾಗಿದೆ. ಅದನ್ನು ಬಿಟ್ಟವರಿಗೆ ವಿಜ್ಞಾನದ ಮೇಷ್ಟ್ರು ಅಂಕ ಕಳೆಯುತ್ತಾರೆ. ಈ ಸಲ ಹಾಗೆ ಅಂಕ ಕಳೆದುಕೊಂಡವಳು ನನ್ನ ಮೊಮ್ಮಗಳು. ಎಲ್ಲದಕ್ಕೂ ಯಾಕೆ ಎಂದು ಕೇಳುವುದರಿಂದ ಶಾಲೆಯವರೆಲ್ಲ ಅವಳನ್ನು ಕರೆಯುವುದೇ ಯಾಕಮ್ಮ ಎಂದು.

ಕಳೆದ ವಾರ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು, ಯುವಜನರು ವಸ್ತುವ್ಯಾಮೋಹ ಬಿಟ್ಟು ವಿಜ್ಞಾನದತ್ತ ನಡೆಯಬೇಕೆಂದು ಒಂದೂವರೆ ಗಂಟೆ ಕೊರೆದು, ಅದೇ ವಿಷಯದ ಭಾಷಣ ಸ್ಪರ್ಧೆಯಲ್ಲಿ ಗೆದ್ದ ಯಾಕಮ್ಮನಿಗೆ ಹೊಚ್ಚಹೊಸ ಮೊಬೈಲನ್ನು ಬಹುಮಾನವಾಗಿ ಕೊಟ್ಟರು. ಅವಳು ವೇದಿಕೆಯ ಮೇಲೆಯೇ ಅದನ್ನು ಹೆಡ್‌ಮಾಸ್ಟರತ್ತ ಚಾಚಿ, ‘ಸಾರ್, ಇದನ್ನ ನೀವೇ ಇಟ್ಕೊಳ್ಳಿ, ಒಂದು ಗಂಟೆ ಆ ಮೈಕ್ರೋಸ್ಕೋಪ್ ಕೊಡಿ, ಚುಕ್ಕೆ ಇದೆಯೋ ಇಲ್ವೋ ನೋಡ್ಬಿಡ್ತೀನಿ’ ಎಂದಳು. ಅವರು, ‘ಮಕ್ಕಳ ಕೈಗೆ ಕೊಟ್ರೆ ಹಾಳಾಗುತ್ತೆ ಕಣಮ್ಮ, ಮೊಬೈಲಾದ್ರೆ ಗ್ಯಾರಂಟಿ ಇದೆ’ ಎಂದು ಅವಳಿಗೇ ಬುದ್ಧಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮೊಮ್ಮಗಳ ಮೇಲೆ ಹೆಮ್ಮೆಯಾಯಿತು, ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಕಂಡು ನಾಚಿಕೆಯಾಯಿತು.

ಮುಂದಿನ ವಾರ ಅವಳ ಶಾಲೆ ಮುಗಿಯುತ್ತದೆ. ನೋಡಬೇಕೆಂಬ ಈ ಆಸೆ ಹೀಗೇ ಬಾಡಿದರೆ ಮತ್ತೆ ಚಿಗುರೀತೆಂಬ ಧೈರ್ಯ ನನಗಿಲ್ಲ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಬೀರುವಿನಿಂದ ತಾವೇ ಕೆಳಗಿಳಿದು ಅವಳ ಬೆಂಚಿನವರೆಗೆ ನಡೆದು ಬರಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಲೋಕದ ಈರುಳ್ಳಿಗಳೆಲ್ಲ ಕೂಡಲೇ ಒಂದೊಂದು ಚುಕ್ಕೆ ಬೆಳೆಸಿಕೊಳ್ಳತಕ್ಕದ್ದೆಂದು ಸುತ್ತೋಲೆಯನ್ನಾದರೂ ಹೊರಡಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಗಾಜಿನ ಈಚೆಗಿರುವ ಅಟೆಂಡರ್

ತಾ.ಕ.: ತಮ್ಮ ಬೀರುವಿನ ಕೀಲಿಕೈಯನ್ನು ನಾನು ಆರು ವರ್ಷದ ಹಿಂದೆಯೇ ಕಳೆದುಬಿಟ್ಟಿದ್ದೇನೆ. ಯಾರಾದರೂ ಕೇಳಿಯಾರೆಂದು ಮೊದಲ ತಿಂಗಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ, ಯಾರೂ ಕೇಳಲಿಲ್ಲ. ನಾಳೆ ಪ್ರಾರ್ಥನೆಯ ಗಂಟೆಗೆ ಮುಂಚೆ ಯಾಕಮ್ಮ ಬಾಗಿಲಿನ ತಿರುಪುಗಳನ್ನು ಬಿಚ್ಚುತ್ತಾಳೆ, ನಾನು ಸ್ಟೂಲು ಹಿಡಿದಿರುತ್ತೇನೆ. ಇಷ್ಟು ವರ್ಷ ಸುಮ್ಮನಿದ್ದ ತಾವು ಆಮೇಲೂ ಸುಮ್ಮನಿದ್ದರೆ ಉಪಕಾರವಾಗುತ್ತದೆ. ಚುಕ್ಕೆ ಕಾಣದೆ ಹೋದರೆ ಅವಳಂತೂ ಸುಮ್ಮನಿರುವವಳಲ್ಲ.