ಹದಿನೇಳು ಕಡಲೆಯ ಸಾಮ್ರಾಜ್ಯ

"ಈ ಸಲ ಚೊಂಬಿನ ಮೇಲೆ ನನ್ನ ಹೆಸರು ಬರದೇ ಇದ್ರೆ ನಾನು ಲೋಕೇಶನೇ ಅಲ್ಲ, ನೋಡ್ತಿರು!"

ಲಂಡನ್ನಿನ ಹೌನ್ಸ್ಲೋದ ಫ್ಲ್ಯಾಟಿನಲ್ಲಿ, ಸೋಫಾ ಮತ್ತು ಫ್ರಿಜ್ಜಿನ ನಡುವೆ ನಿಂತು ಲೋಕೇಶ ಹೀಗೆ ಘೋಷಿಸಿದಾಗ ಅವನ ಹೆಂಡತಿ ವಿಶಾಲಾಕ್ಷಿ ಮೊಬೈಲಿನಿಂದ ತಲೆಯೆತ್ತಲಿಲ್ಲ.

"ಹೋದ ವರ್ಷವೂ ಇದನ್ನೇ ಅಂದಿದ್ರಿ. ಸೋತ ಮೇಲೂ ಲೋಕೇಶನೇ ಆಗಿದ್ರಿ."

ಚೊಂಬಿನ ಕಥೆ ಇಷ್ಟು. ಲೋಕೇಶ, ಬೆಂಗಳೂರಿನ ಮಧುಸೂದನ್, ಈಸ್ಟ್ ಹ್ಯಾಮಿನಲ್ಲಿ ಹೋಟೆಲು ನಡೆಸುವ ಕುಂದಾಪುರದ ಭೋಜ, ಈ ಮೂವರು ಸ್ನೇಹಿತರು ವರ್ಷಕ್ಕೊಮ್ಮೆ ಒಂದು ಮಹಾ ಬೋರ್ಡ್ ಗೇಮ್ ಆಡುತ್ತಾರೆ. ಹಾವು-ಏಣಿ ಅಂದುಕೊಳ್ಳಬೇಡಿ! ನಿಯಮಗಳ ಪುಸ್ತಕವೇ ನಲವತ್ತೆಂಟು ಪುಟ. ಇದರಲ್ಲಿ ರಾಜ್ಯ ಕಟ್ಟಬೇಕು, ಸಂಧಿ ಮಾಡಿಕೊಳ್ಳಬೇಕು, ಕಾಫಿ ಕುಡಿದು ಆ ಸಂಧಿಯನ್ನು ಮುರಿಯಬೇಕು. ಗೆದ್ದವನ ಹೆಸರನ್ನು ಮದುವೆಯ ಪಾತ್ರೆಗೆ ಕೆತ್ತಿಸಿದ ಹಾಗೆ ಒಂದು ಸ್ಟೀಲ್ ಚೊಂಬಿನ ಮೇಲೆ ಕೆತ್ತಿಸುವುದು ಇವರ ಪದ್ಧತಿ. ಈಗ ಅದರ ಮೇಲೆ ಮೂರು ಹೆಸರುಗಳಿವೆ. ಮಧುಸೂದನ್, ಮಧುಸೂದನ್, ಮತ್ತೆ ಮಧುಸೂದನ್.

ಮನೆ ಬದಲಾಯಿಸುವಾಗ ಆಟದ ಮರದ ಸೈನಿಕರಿದ್ದ ಚೀಲ ಎಲ್ಲೋ ಕಳೆದುಹೋಗಿತ್ತು. ಚಕ್ರವರ್ತಿಗಳು ಇಂಥದ್ದಕ್ಕೆಲ್ಲ ಹೆದರುತ್ತಾರೆಯೇ? ಅಡುಗೆಮನೆಯ ಡಬ್ಬಗಳಿಂದ ಸೇನೆ ಭರ್ತಿಯಾಯಿತು! ಲೋಕೇಶನಿಗೆ ಕಡಲೆಕಾಳು, ಮಧುವಿಗೆ ಹೆಸರುಕಾಳು, ಭೋಜನಿಗೆ ಅಲಸಂದೆ.

ಶನಿವಾರ ಏಳು ಗಂಟೆ ಕಾಲ ಘೋರ ಯುದ್ಧ ನಡೆಯಿತು. ಕೊನೆಯ ಸುತ್ತೊಂದು ಬಾಕಿ ಇರುವಾಗ ಭೋಜ ಎದ್ದ. "ಹೋಟ್ಲು ತೆರೀಕ್ ಮಾರಾಯ, ಉಳ್ದದ್ದು ಬಪ್ಪು ಶನಿವಾರ."

ಆಗಿನ ಪರಿಸ್ಥಿತಿ ಹೀಗಿತ್ತು. ಲೋಕೇಶನ ಕೋಟೆಯೊಳಗೆ ಹದಿನಾಲ್ಕು ಕಡಲೆ, ಕೋಟೆ ಬಾಗಿಲಲ್ಲಿ ಮಧುವಿನ ಹದಿನಾರು ಹೆಸರುಕಾಳು. ಇನ್ನು ಇವರಿಬ್ಬರಲ್ಲಿ ಯಾರ ಕಾಳು ಹೆಚ್ಚೋ ಅವರದೇ ಗೆಲುವು. ಭೋಜ ನೆನಪಿಗೆಂದು ಒಂದು ಸೆಲ್ಫಿ ತೆಗೆದುಕೊಂಡ. ಲೋಕೇಶ ಊಟದ ಟೇಬಲ್ಲಿನ ಮೇಲಿದ್ದ ಇಡೀ ಸಾಮ್ರಾಜ್ಯಕ್ಕೆ ಬಿಳಿ ಪಂಚೆ ಹೊದಿಸಿ, "ಒಂದು ವಾರ ಯಾರೂ ಇದನ್ನ ಮುಟ್ಟಕೂಡದು!" ಎಂದು ಅಪ್ಪಣೆ ಹೊರಡಿಸಿದ. ಅಂದಿನಿಂದ ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು.

ಸೋಮವಾರ ಮೈಸೂರಿನಿಂದ ಅತ್ತೆ ಅಂಬುಜಮ್ಮ ಬಂದಿಳಿದರು. ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ಉಗ್ರಾಣ ನೋಡಿಕೊಂಡ ಹೆಂಗಸು. ಅವರ ಕಣ್ಣು ತಪ್ಪಿಸಿ ಒಂದು ಹುಳುಕು ಕಾಳೂ ಪಾತ್ರೆ ಸೇರಿದ್ದಿಲ್ಲ. ಟೇಬಲ್ ಯಾಕೆ ಮುಚ್ಚಿದೆ ಎಂದು ಕೇಳಿದ್ದಕ್ಕೆ ವಿಶಾಲಾಕ್ಷಿ, "ಅದು ನಿಮ್ಮ ಅಳಿಯಂದ್ರ ಕೆಲಸ ಅಮ್ಮ, ಬಿಡಿ," ಎಂದು ಚುಟುಕಾಗಿ ಹೇಳಿ ಆಫೀಸಿಗೆ ಓಡಿದ್ದಳು.

ಇನ್ನು ಬುಧವಾರದ ವಿಷಯ. ಹೇಳಲೇಬೇಕು, ಬೇರೆ ದಾರಿಯಿಲ್ಲ. ಬೆಳಗ್ಗೆ ಕಾಫಿ ಹಿಡಿದು ಲೋಕೇಶ ಪಂಚೆ ಎತ್ತಿ ನೋಡಿದ. ಹದಿನಾಲ್ಕಕ್ಕೆ ಹದಿನಾರು! ನಾಲ್ಕನೇ ಸಲವೂ ಅದೇ ಹೆಸರು ಕೆತ್ತಿಸಬೇಕೇ? ಅಡುಗೆಮನೆಗೆ ಹೋದ. ಡಬ್ಬಕ್ಕೆ ಕೈ ಹಾಕಿದ. ತೆಗೆದದ್ದು ಮೂರೇ ಮೂರು ಕಡಲೆ! ತಂದು ಕೋಟೆಯೊಳಗೆ ಬಿಟ್ಟ. ಕಳ್ಳತನವಲ್ಲ, ಸೇನಾ ನೇಮಕಾತಿ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಆಮೇಲೆ ಪಂಚೆ ಎತ್ತಿ ನೋಡುವ ಧೈರ್ಯವಾಗಲಿಲ್ಲ.

ಶನಿವಾರ ಮಧ್ಯಾಹ್ನ ಇಬ್ಬರು ಶತ್ರುರಾಜರೂ ಬಂದು ಕೂತರು. ಯುದ್ಧಕ್ಕೆ ಮೊದಲು ಅಂಬುಜಮ್ಮ ಎಲ್ಲರಿಗೂ ಬಿಸಿಬಿಸಿ ಉಸ್ಲಿ ಕೊಟ್ಟರು. ತೆಂಗಿನತುರಿ, ಇಂಗಿನ ಒಗ್ಗರಣೆ, ಮೇಲೆ ನಿಂಬೆಹುಳಿ.

"ಅಮ್ಮ, ಭಾರೀ ಲಾಯ್ಕಿತ್ತ್! ಎಂತೆಲ್ಲ ಹಾಕಿದ್ರಿ?" ಹೋಟೆಲಿನ ಭೋಜನೇ ಕೇಳಿದ.

"ಎಲ್ಲಾ ಇದೆಯಪ್ಪ. ಕಡಲೆ, ಹೆಸರುಕಾಳು, ಅಲಸಂದೆ."

ಮೂವರೂ ಎರಡೆರಡು ಸಲ ಹಾಕಿಸಿಕೊಂಡರು. ಲೋಕೇಶ ಕೈ ತೊಳೆದು, ಗತ್ತಿನಿಂದ ಪಂಚೆ ಎಳೆದ.

ಬೋರ್ಡು ಲಕಲಕ ಹೊಳೆಯುತ್ತಿತ್ತು. ಒಂದು ಕಾಳೂ ಇಲ್ಲ!

"ಅತ್ತೇ!"

"ಪಾಪ, ಆಫೀಸಿನ ಕೆಲಸದ ಮಧ್ಯೆ ಕಾಳು ಆರಿಸ್ತಾ ಅರ್ಧಕ್ಕೆ ಬಿಟ್ಟಿದ್ರಿ. ಎಷ್ಟು ಚೆನ್ನಾಗಿ ಗುಂಪು ಗುಂಪು ಮಾಡಿದ್ರಿ! ನಿಮಗೆ ಯಾಕೆ ತೊಂದರೆ ಅಂತ ನಿನ್ನೆ ನಾನೇ ಆರಿಸಿ, ಡಬ್ಬದ ಹೆಸರುಕಾಳು, ಅಲಸಂದೇನೂ ಸೇರಿಸಿ ನೆನೆಹಾಕ್ದೆ. ಈ ಕಾಲದಲ್ಲಿ ಇಂಥ ಅಳಿಯ ಯಾರಿಗೆ ಸಿಗ್ತಾರೆ?" ಅಂಬುಜಮ್ಮನ ಕಣ್ಣು ತುಂಬಿಬಂತು.

ಮಧು ಹೊಟ್ಟೆ ಮುಟ್ಟಿಕೊಂಡ. "ಅಂದ್ರೆ ನನ್ನ ಸೈನ್ಯಾನ ನಾನೇ ತಿಂದ್ನಾ?"

"ನಾನೂ ಸ್ವಲ್ಪ ನಿನ್ನದ್ ತಿಂದೆ," ಎಂದ ಭೋಜ.

ವಿಶಾಲಾಕ್ಷಿ ನಗುವನ್ನು ತಡೆದುಕೊಂಡು ಅಮ್ಮನಿಗೆ ಆಟದ ವಿಷಯ ತಿಳಿಸಿದಳು. ಇನ್ನು ಹಳೆಯ ಲೆಕ್ಕ ಹಿಡಿಯುವುದು ಹೇಗೆ? ಭೋಜನ ಸೆಲ್ಫಿ ತೆರೆದರು. ಲೋಕೇಶನ ಕೋಟೆ ಇರಬೇಕಾದ ಜಾಗದಲ್ಲಿ ಭೋಜನ ಮುಖ ಅಗಲವಾಗಿ ನಗುತ್ತಿತ್ತು.

"ನಿನ್ನ ಕೋಟೇಲಿ ಹದಿನಾಲ್ಕೋ ಹದಿನೈದೋ ಇತ್ತು," ಎಂದ ಮಧು.

"ಹದಿನೇಳು!" ಲೋಕೇಶ ಟೇಬಲ್ ಕುಟ್ಟಿದ.

"ಯಾವ ಬಾಯಲ್ಲಿ ಹೇಳ್ತೀಯೋ? ಹದಿನಾಲ್ಕು!"

"ಜಗಳ ಯಾಕ್ರಪ್ಪ? ನಾನು ಎಣಿಸಿಯೇ ಎತ್ತಿದ್ದು. ಹಾಸ್ಟೆಲಿನ ಅಭ್ಯಾಸ," ಎಂದರು ಅಂಬುಜಮ್ಮ. "ಬಾಗಿಲ ಹತ್ರ ಹೆಸರುಕಾಳು ಹದಿನಾರು. ಎರಡು ಹುಳುಕಾಗಿತ್ತು, ಎಸೆದೆ."

"ಆಂಟಿ, ಅವರು ನನ್ನ ಸೇನಾಪತಿಗಳು!"

"ಯಾರಾದ್ರೇನು, ತೂತಾಗಿತ್ತು. ಇನ್ನು ಒಳಗಡೆ ಕಡಲೆ..." ಅಂಬುಜಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡರು. ಲೋಕೇಶ ಉಸಿರು ಬಿಗಿಹಿಡಿದ.

"ಹದಿನೇಳು."

ಗೆದ್ದ! ಮೂರು ವರ್ಷದ ಅವಮಾನ ತೊಳೆದುಹೋಯಿತು! ಲೋಕೇಶ ಎರಡೂ ಕೈ ಮೇಲೆತ್ತಿ ಸೋಫಾದ ಮೇಲೆ ಹತ್ತಿ ನಿಂತ. ಕೆಳಗಿನ ಮನೆಯವರು ಪೊರಕೆಯಿಂದ ಸೀಲಿಂಗ್ ತಟ್ಟಿದರು. ಮಧು ಎದ್ದುಬಂದು, "ಆಂಟಿ ಹೇಳಿದ ಮೇಲೆ ಮುಗೀತು, ಲೋಕಿ. ಒಪ್ಕೊಂಡೆ," ಎಂದು ಕೈಕುಲುಕಿದ. ಲೋಕೇಶನಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಬಿದ್ದೇಬಿಟ್ಟ.

"ಚೆನ್ನಾಗಿರಿ," ಎಂದು ಹರಸಿದ ಅಂಬುಜಮ್ಮ ಏನೋ ನೆನಪಾದವರಂತೆ ಒಳಗೆ ಹೋಗಿ ಒಂದು ಪುಟ್ಟ ಬಟ್ಟಲು ತಂದರು. ಅದರಲ್ಲಿ ಮೂರು ಒಣ ಕಡಲೆ ಇದ್ದವು.

"ಆ ಹದಿನೇಳರಲ್ಲಿ ಈ ಮೂರನ್ನ ಮಾತ್ರ ಬೇಯಿಸಲಿಲ್ಲ. ಬೇರೆಯೆಲ್ಲ ಸಣ್ಣ ಕಡಲೆ, ಇವು ದಪ್ಪ ಕಡಲೆ. ಬೇಯೋ ಹದಾನೇ ಬೇರೆ."

"ದಪ್ಪ ಕಡಲೆಯಾ?" ವಿಶಾಲಾಕ್ಷಿ ಬಟ್ಟಲಿಗೆ ಇಣುಕಿದಳು. "ಸಣ್ಣದು ಆಟದ ದಿನಾನೇ ಖಾಲಿಯಾಗಿತ್ತಲ್ಲಮ್ಮ. ಇದು ನಾವು ಮಂಗಳವಾರ ಈಸ್ಟ್ ಹ್ಯಾಮಿಂದ ತಂದಿದ್ದು."

"ಅದೇ ನಾನೂ ಕೇಳೋಣ ಅಂತಿದ್ದೆ," ಅಂಬುಜಮ್ಮ ಮುಗ್ಧವಾಗಿ ತಲೆಯಾಡಿಸಿದರು. "ಮಂಗಳವಾರ ಮನೆಗೆ ಬಂದ ಕಡಲೆ ಹೋದ ಶನಿವಾರದ ಯುದ್ಧಕ್ಕೆ ಹೇಗೆ ಹೋಯ್ತು, ಅಳಿಯಂದ್ರೇ?"

ನಾಲ್ಕು ಜೊತೆ ಕಣ್ಣುಗಳು ಲೋಕೇಶನ ಕಡೆ ತಿರುಗಿದವು. ಅವನು ಬಟ್ಟಲು ಕಸಿದುಕೊಂಡು ಮೂರೂ ಕಡಲೆಯನ್ನು ಬಾಯಿಗೆ ಹಾಕಿಕೊಂಡ. ಕಟಕ್ ಎಂದು ಸದ್ದಾಯಿತು.

"ಉಗುಳ್ ಮಾರಾಯ, ಉಗುಳ್!" ಭೋಜ ಅವನ ಬೆನ್ನು ತಟ್ಟಿದ. "ಮಾನ ಹ್ಯಾಂಗೂ ಹೋಯ್ತ್. ಹಲ್ಲೂ ಹೋರೆ ಈ ಊರಂಗೆ ಡೆಂಟಿಸ್ಟ್ ಸಿಕ್ಕೂಕೆ ಆರ್ ತಿಂಗ್ಳ್ ಕಾಯ್ಕ್!"